ಬಕೆಟ್ಟಿನಲ್ಲಿ ಒಂದು ಕಾಲು

ಹನ್ನೊಂದು ವರ್ಷಗಳಿಂದ ನನ್ನ ಹೆಂಡತಿ ನನ್ನ ಕಡೆ ಕ್ಯಾಮೆರಾ ಹಿಡಿದು ಊರೂರು ಸುತ್ತುತ್ತಿದ್ದಾಳೆ. ಆದರೂ ನನ್ನದು ಅನ್ನುವ ಒಂದೇ ಒಂದು ನೆಟ್ಟಗಿನ ಫೋಟೊ ಇಲ್ಲ. ಯಾರಿಗೆ ಹೇಳಿದರೂ ನಂಬುವುದಿಲ್ಲ.

ಅವಳು ತೆಗೆಯುವುದು ಪ್ರವಾಸದ ಫೋಟೊ, ಅದೂ ಜನ ತಮ್ಮ ಪಾಡಿಗೆ ತಾವಿರುವಾಗ. ನೇರವಾಗಿ ಮುಖಕ್ಕೆ ಕ್ಯಾಮೆರಾ ಹಿಡಿದರೆ ಎಂಥವರೂ ತಲೆ ಸವರಿಕೊಂಡು ಕಂಬದ ಹಾಗೆ ನಿಂತುಬಿಡುತ್ತಾರೆ. ಅದಕ್ಕೇ ನಾನು ಬೇಕು. ಗಂಡನ ಫೋಟೊ ತೆಗೆಯುವ ಹೆಂಡತಿಯನ್ನು ಯಾರೂ ಎರಡನೇ ಸಲ ತಿರುಗಿ ನೋಡುವುದಿಲ್ಲ. ನಾನು ಹಲ್ಲು ಕಿರಿದು ನಿಲ್ಲುತ್ತೇನೆ, ಅವಳ ಲೆನ್ಸು ನನ್ನ ಹೆಗಲ ಮೇಲಿಂದ ಹಾದು ಹಿಂದಿದ್ದವರನ್ನು ಹಿಡಿಯುತ್ತದೆ. "ಎಡಕ್ಕೆ ಬನ್ನಿ" ಅಂದರೆ ನಾನು ಅಡ್ಡ ಬಂದಿದ್ದೇನೆ ಎಂದರ್ಥ. "ಗಲ್ಲ ಎತ್ತಿ" ಅಂದರೆ ಹಿಂದಿನವರಿಗೆ ಅನುಮಾನ ಬಂದಿದೆ, ಇನ್ನಷ್ಟು ಹಲ್ಲು ಬಿಡಬೇಕು. "ಆಯ್ತು" ಅನ್ನುವವರೆಗೆ ಆಕಾಶ ಕಳಚಿ ಬಿದ್ದರೂ ಅಲ್ಲಾಡಕೂಡದು. ಆಮೇಲೆ ಅವಳೇ ಹೋಗಿ ಅವರಿಗೆ ಫೋಟೊ ತೋರಿಸಿ, ವಿಳಾಸ ಬರೆದುಕೊಂಡು, ಒಂದು ಪ್ರತಿಯನ್ನು ಅಂಚೆಯಲ್ಲಿ ಕಳಿಸುತ್ತಾಳೆ.

ನನ್ನದು ಕನ್ನಡಕದ ಅಂಗಡಿ. ಊರಿಗೆಲ್ಲ ಕಣ್ಣು ನಿಚ್ಚಳ ಮಾಡಿಕೊಡುವ ನಾನು ಹೆಂಡತಿಯ ಫೋಟೊಗಳಲ್ಲಿ ಮಾತ್ರ ಮೂಲೆಯಲ್ಲೊಂದು ಮಸುಕು ಕಿವಿ. ಬೇಜಾರಿತ್ತು. ಈ ವಯಸ್ಸಿನಲ್ಲಿ ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ ಎಂದು ಸುಮ್ಮನಿದ್ದೆ.

ಈಗ ಅವಳ ಮೊದಲ ಪುಸ್ತಕ ಅಚ್ಚಿಗೆ ಹೋಗುವುದಿತ್ತು. ಮುಖಪುಟಕ್ಕೆ ಒಬ್ಬ ಕ್ಷೌರಿಕನ ಫೋಟೊ. ಕಳೆದ ಬೇಸಿಗೆಯಲ್ಲಿ ಹೊಳೆದಂಡೆಯ ಒಂದು ಊರಿನ ಕಟಿಂಗ್ ಶಾಪಿನಲ್ಲಿ ತೆಗೆದದ್ದು. ಕುರ್ಚಿಯಲ್ಲಿ ಕಣ್ಣಿನವರೆಗೆ ನೊರೆ ಮೆತ್ತಿಸಿಕೊಂಡ ಗಿರಾಕಿ, ಹಿಂದೆ ಬ್ರಷ್ಷು ಮೇಲೆತ್ತಿ ಬಿದ್ದು ಬಿದ್ದು ನಗುತ್ತಿರುವ ಕ್ಷೌರಿಕ. ನೋಡಿದವರೆಲ್ಲ ತಾವೂ ನಗುತ್ತಿದ್ದರು. ಹೆಂಡತಿ ಅದರ ಕೆಳಗೆ "ಗಿರಾಕಿ ಹೇಳಿದ ಜೋಕಿಗೆ" ಎಂದು ಬರೆದಿದ್ದಳು.

ಪ್ರಕಾಶಕರದು ಒಂದೇ ಹಟ. "ಒಪ್ಪಿಗೆ ಪತ್ರಕ್ಕೆ ಚಿತ್ರದಲ್ಲಿ ಇರೋರೆಲ್ಲರ ಸಹಿ ಬೇಕು. ಶುಕ್ರವಾರದ ಒಳಗೆ ಬರದಿದ್ರೆ ಯಾವುದಾದ್ರೂ ಬೆಟ್ಟದ ಫೋಟೊ ಹಾಕ್ತೀನಿ. ಬೆಟ್ಟ ಸಹಿ ಕೇಳಲ್ಲ." ಕ್ಷೌರಿಕನಿಗೆ ಬರೆದ ಮೂರು ಕಾಗದಗಳಿಗೂ ಉತ್ತರವಿರಲಿಲ್ಲ. ಹೆಂಡತಿ ಎರಡು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ. ಗುರುವಾರ ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ ಅವಳನ್ನು ಕರೆದುಕೊಂಡು ಆ ಊರಿಗೆ ಹೊಳೆ ದಾಟಿಸುವ ಲಾಂಚು ಹತ್ತಿದೆ.

ನಾವು ಕಳಿಸಿದ ಫೋಟೊ ಶಾಪಿನ ಗೋಡೆಯ ಮೇಲೇ ಇತ್ತು, ಆದರೆ ಮುಖ ಗೋಡೆಯ ಕಡೆಗೆ.

"ಸಹಿ ಹಾಕಲ್ಲ ಮೇಡಂ," ಎಂದ ಕ್ಷೌರಿಕ. "ಕುರ್ಚೀಲಿ ಕೂತಿರೋರು ನನ್ನ ಭಾವ. ಅಕ್ಕನ ಗಂಡ. ಇಲ್ಲೇ ಲಾಂಚಿನ ಟಿಕೆಟ್ ಕೊಡ್ತಾರೆ. ಈ ಫೋಟೊ ನೋಡಿ, 'ಮುಖಕ್ಕೆ ನೊರೆ ಬಳಿದು ಹಿಂದೆ ನಿಂತು ನನ್ನನ್ನೇ ನೋಡಿ ನಗ್ತೀಯೇನೋ' ಅಂತ ಎದ್ದು ಹೋದೋರು, ನಾಲ್ಕು ತಿಂಗಳಾಯ್ತು, ಈ ಕಡೆ ತಲೆ ಹಾಕಿಲ್ಲ. ಅಕ್ಕನೂ ಮುಖ ಊದಿಸ್ಕೊಂಡಿದ್ದಾಳೆ."

"ಅವರು ಜೋಕು ಹೇಳಿದ್ದಕ್ಕಲ್ವಾ ನೀವು ನಕ್ಕಿದ್ದು?" ಎಂದಳು ಹೆಂಡತಿ.

"ಭಾವ? ಜೋಕು? ಅವರು ಅವರ ಮದುವೇಲೇ ನಕ್ಕಿಲ್ಲ!"

"ಮತ್ತೆ ಯಾಕೆ ನಕ್ಕಿರಿ?"

ಕ್ಷೌರಿಕ ನನ್ನ ಕಡೆ ನೋಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ನನ್ನ ಬೂಟು ನೋಡಿಕೊಂಡೆ.

"ಈ ಸಾರ್‌ನ ನೋಡಿ," ಎಂದ. "ನೀವು ಎಡಕ್ಕೆ, ಎಡಕ್ಕೆ ಅಂತಿದ್ರಿ. ಇವರು ಸೀದಾ ಬಂದು ನೆಲ ಒರೆಸೋ ಬಕೆಟ್ಟಿಗೆ ಕಾಲಿಟ್ರು. ತೆಗೀತಾರೆ ಅಂದ್ಕೊಂಡೆ. ಊಹೂಂ! ಅಲ್ಲೇ ಹಲ್ಲು ಬಿಟ್ಕೊಂಡು ನಿಂತ್ರು. ಎದುರಿನ ಕನ್ನಡೀಲಿ ಆ ಮುಖ ಬೇರೆ ಕಾಣ್ತಿತ್ತು. ಭಾವ ನೊರೆಗೆ ಕಣ್ಣು ಮುಚ್ಕೊಂಡಿದ್ರು, ಎಷ್ಟು ಹೇಳಿದ್ರೂ ಕಟ್ಟುಕಥೆ ಅಂತಾರೆ."

ಹೆಂಡತಿ ಸೊಂಟದ ಮೇಲೆ ಕೈಯಿಟ್ಟಳು. "ರೀ, ಬೂಟು ಒದ್ದೆಯಾಗಿದ್ದು ಚರಂಡಿ ದಾಟುವಾಗ ಅಂದಿದ್ರಲ್ಲ?"

"ನೀನು 'ಆಯ್ತು' ಅಂದಿರ್ಲಿಲ್ಲ," ಎಂದೆ.

ಭಾವನನ್ನು ಕರೆತರಲು ನಾನೇ ಹೋದೆ. ಟಿಕೆಟ್ ಕಿಟಕಿಯ ಹಿಂದೆ ಮುಖದ ತುಂಬ ಗಡ್ಡ ಬಿಟ್ಟ ಗಂಭೀರ ಮನುಷ್ಯ. "ಬೇರೆ ಕಡೆ ಹೋಗಿ ಬೋಳಿಸ್ಕೊಂಡ್ರೆ ಭಾವಮೈದುನನಿಗೆ ಅವಮಾನ. ಅವನ ಹತ್ರ ಹೋದ್ರೆ ನನಗೆ ಅವಮಾನ," ಎಂದರು. ನಿಮ್ಮ ಭಾವಮೈದುನ ನಕ್ಕಿದ್ದು ನನ್ನನ್ನು ನೋಡಿ, ಐದೇ ನಿಮಿಷ ಬನ್ನಿ, ಕಣ್ಣಾರೆ ನೋಡುವಿರಂತೆ ಎಂದು ಗೋಗರೆದೆ. ಮುಂದಿನ ಲಾಂಚಿಗೆ ಹೊತ್ತಿತ್ತು. ಬಂದರು.

ಅದೇ ಕುರ್ಚಿಯಲ್ಲಿ ಅವರನ್ನು ಕೂರಿಸಿದೆವು. ನಾನು ಬಕೆಟ್ಟಿಗೆ ಕಾಲಿಟ್ಟು ನಿಂತೆ. ನೀರು ತಣ್ಣಗೆ ಕೊರೆಯುತ್ತಿತ್ತು.

ಭಾವ ಮೇಲಿಂದ ಕೆಳಗೆ ನೋಡಿದರು. "ಇದರಲ್ಲಿ ನಗೋದೇನಿದೆ? ಪಾಪ, ಕಾಲು ನೆನೀತಿದೆ."

ಹೆಂಡತಿಯ ಮುಖ ಸಣ್ಣಗಾಯಿತು. ಮುಖಪುಟದ ತುಂಬ ಒಂದು ಬೆಟ್ಟ ನನ್ನ ಕಣ್ಣೆದುರು ಬಂದು ನಿಂತಿತು. ಅಷ್ಟರಲ್ಲಿ ಅವಳು ಏನೋ ಹೊಳೆದವಳಂತೆ ಕ್ಯಾಮೆರಾ ಎತ್ತಿದಳು.

"ರೀ, ಎಡಕ್ಕೆ ಬನ್ನಿ."

ಹನ್ನೊಂದು ವರ್ಷದ ಅಭ್ಯಾಸ. ಬಕೆಟ್ಟನ್ನೂ ಎಳೆದುಕೊಂಡು ಎಡಕ್ಕೆ ಬಂದೆ. ಅದು ನೆಲದ ಮೇಲೆ ಗರಗರ ಅಂದಿತು.

"ಇನ್ನೂ ಎಡಕ್ಕೆ."

ಮತ್ತೆ ಗರಗರ. ನೀರು ತುಳುಕಿ ಇನ್ನೊಂದು ಬೂಟಿಗೂ ಪಾಲು ಸಿಕ್ಕಿತು.

"ಗಲ್ಲ ಎತ್ತಿ."

ಎತ್ತಿದೆ. ಹಲ್ಲು ಬಿಟ್ಟೆ. ಹಿಂದಿನಿಂದ ಮೊದಲು ಕುರ್ಚಿ ಕಿರುಗುಟ್ಟಿದ ಸದ್ದು, ಆಮೇಲೆ ಯಾರೋ ಉಸಿರು ಕಟ್ಟಿದಂತೆ ಕೆಮ್ಮಿದ ಸದ್ದು, ಆಮೇಲೆ "ಅಯ್ಯಯ್ಯೋ! ನಿಲ್ಲಿಸ್ರೀ, ಸಾಕು ನಿಲ್ಲಿಸ್ರೀ!" ಎಂಬ ಭಾವನ ಕೂಗು. ಕ್ಷೌರಿಕನ ನಗುವೂ ಅದಕ್ಕೆ ಸೇರಿತು. ತಡೆಯಲಾರದೆ ನನಗೂ ನಗು ಬಂತು, ಆದರೆ ಅಲ್ಲಾಡಲಿಲ್ಲ. ಈ ನಗುವನ್ನು ಅವಳು ನನ್ನ ಹೆಗಲ ಮೇಲಿಂದ ಹಿಡಿಯುತ್ತಿದ್ದಾಳೆ, ನಾನು ಕೆಡಿಸಬಾರದು ಎಂದು ಜಾಗದಲ್ಲೇ ನಿಂತಿದ್ದೆ.

"ಆಯ್ತು," ಅಂದಳು.

ಭಾವ ಕಣ್ಣೊರೆಸಿಕೊಂಡು ಗಡ್ಡ ಮುಂದೆ ಮಾಡಿದರು. "ನೊರೆ ಕಲಸೋ. ಸುಮ್ನೆ ನಾಲ್ಕು ತಿಂಗಳು ಕೆರಕೊಂಡೆ." ಗೋಡೆಯ ಫೋಟೊ ನಮ್ಮ ಕಡೆಗೆ ತಿರುಗಿತು. ಇಬ್ಬರೂ ಸಹಿ ಹಾಕಿದರು. ಒಂದೇ ಷರತ್ತು: ಗಿರಾಕಿಯ ಜೋಕು ಎಂಬುದನ್ನು ಹೊಡೆದುಹಾಕಿ ನಿಜ ಬರೆಯಬೇಕು. ನನ್ನ ಮಾನ ಹೋದರೆ ಹೋಗಲಿ, ಬರಿ ಎಂದೆ.

ಸಂಜೆಯ ಲಾಂಚಿನಲ್ಲಿ ನಾನು ಕಾಲುಚೀಲ ಹಿಂಡುತ್ತಿದ್ದಾಗ ಅವಳು ಇನ್ನೊಂದು ಕಾಗದ ಮುಂದೆ ಚಾಚಿದಳು. ಅದೇ ಒಪ್ಪಿಗೆ ಪತ್ರ, ಹೆಸರಿನ ಜಾಗ ಖಾಲಿ.

"ಇದು ಯಾರಿಗೆ? ಇಬ್ಬರದೂ ಆಯ್ತಲ್ಲ."

"ಮೊದಲ ಪುಟಕ್ಕೆ ಇನ್ನೊಂದು ಫೋಟೊ ಹಾಕ್ಬೇಕು ಅಂತಿದೀನಿ," ಎಂದು ಕ್ಯಾಮೆರಾ ನನ್ನ ಕೈಗಿಟ್ಟಳು.

ಹಿಂದೆ ಎರಡು ಮಸುಕು ಆಕಾರಗಳು, ಒಂದಕ್ಕೆ ಗಡ್ಡ. ಮುಂದೆ ಬಕೆಟ್ಟು, ಅದರಲ್ಲೊಂದು ಕಾಲು, ಒದ್ದೆ ಪ್ಯಾಂಟು, ವಾಲಿದ ಕನ್ನಡಕ, ಮೀಸೆಯ ಒಂದೊಂದು ಕೂದಲನ್ನೂ ಎಣಿಸಬಹುದು ಅನ್ನುವಷ್ಟು ನಿಚ್ಚಳವಾಗಿ ನಾನು. ಹಲ್ಲು ಕಿರಿದಿರಲಿಲ್ಲ, ನಿಜವಾಗಿ ನಗುತ್ತಿದ್ದೆ. ಕ್ಯಾಮೆರಾ ನನ್ನ ಮೇಲಿದೆ ಎಂಬುದು ನನಗೆ ಗೊತ್ತೇ ಇರಲಿಲ್ಲ.

"ನಿಮ್ಮ ಒಪ್ಪಿಗೆ ಇದ್ರೆ ಮಾತ್ರ," ಅಂದಳು.

ಕನ್ನಡಕ ತೆಗೆದು ಒರೆಸಿಕೊಂಡು, ಹೆಸರು ಬರೆದು, ಕೆಳಗೆ ಸಹಿ ಹಾಕಿದೆ. ಸಾಲದು ಎನ್ನಿಸಿ ಪಕ್ಕದಲ್ಲಿ ಇನ್ನೊಂದು ಸಹಿಯನ್ನೂ ಹಾಕಿದೆ.