ಸಮ ತೂಕದ ಸಾಬೂನು

ಐವತ್ತಾರು ಗ್ರಾಂ ಕಬ್ಬಿಣ, ಐವತ್ತಾರು ಗ್ರಾಂ ಗಂಧಕ. ಸೇರಿಸಿ ಕಾಯಿಸಿದರೆ ಏನು ಉಳಿಯುತ್ತದೆ? ‘ತೂಕ ಸಮ, ಆದ್ದರಿಂದ ಏನೂ ಉಳಿಯುವುದಿಲ್ಲ’ ಎಂದು ಬರೆದಿದ್ದಳು ಹಿಂದಿನ ಬೆಂಚಿನ ಹುಡುಗಿ. ಕೆಮಿಸ್ಟ್ರಿ ಟೀಚರ್ ಹಣೆ ಹಣೆ ಚಚ್ಚಿಕೊಂಡರು. ವರ್ಷವಿಡೀ ಗಂಟಲು ಹರಿದುಕೊಂಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತಲ್ಲ!

ಕೆಂಪು ಪೆನ್ನಿನಲ್ಲಿ ಬರೆಯತೊಡಗಿದರು: ‘ತೂಕ ನೋಡಬೇಡ, ಮೋಲ್ ನೋಡು, ಅಂದರೆ ಕಣಗಳ ಎಣಿಕೆ. ಕಬ್ಬಿಣ ಒಂದು ಮೋಲ್, ಗಂಧಕ ಒಂದೂಮುಕ್ಕಾಲು. ಮೊದಲು ಖಾಲಿಯಾಗುವುದೇ ಯಜಮಾನ. ಮಿಕ್ಕಿದ್ದು...’

ಪೆನ್ನು ಅಲ್ಲೇ ನಿಂತಿತು. ಅಕ್ಕನ ಸಾಬೂನು ನೆನಪಾಯಿತು.

ಅಕ್ಕ ಮನೆಯ ಹಿಂದಿನ ಕೋಣೆಯಲ್ಲಿ ಸಾಬೂನು ಕಾಯಿಸುವವಳು. ಹೋದ ವಾರ ಫೋನ್ ಮಾಡಿದ್ದಳು. “ಅಂಗಡೀಲಿ ಕಾಸ್ಟಿಕ್ ಪೊಟ್ಯಾಶ್ ಇಲ್ವಂತೆ ಕಣೇ, ಕಾಸ್ಟಿಕ್ ಸೋಡಾ ಕೊಟ್ಟಿದಾನೆ. ಯಾವಾಗ್ಲೂ ನೂರಾ ಹನ್ನೆರಡು ಗ್ರಾಂ ಹಾಕ್ತಿದ್ದೆ. ಇದು ಎಷ್ಟು ಹಾಕ್ಲಿ?” ಹಾಜರಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು ತರಗತಿಗೆ ಓಡುತ್ತಿದ್ದ ಟೀಚರ್, “ಎರಡೂ ಒಂದೇ ಜಾತಿ, ಅಷ್ಟೇ ಹಾಕು” ಎಂದುಬಿಟ್ಟಿದ್ದರು.

ಈಗ ಹುಡುಗಿಯ ಉತ್ತರಪತ್ರಿಕೆಯ ಅಂಚಿನಲ್ಲೇ ಲೆಕ್ಕ ಹಾಕಿದರು. ಪೊಟ್ಯಾಶ್ ಮೋಲಿಗೆ ಐವತ್ತಾರು ಗ್ರಾಂ, ಅಂದರೆ ಎರಡು ಮೋಲ್. ಎಣ್ಣೆಯೆಲ್ಲ ಸಾಬೂನಾಗಲು ಬೇಕಾದ್ದೂ ಅಷ್ಟೇ. ಸೋಡಾ ಮೋಲಿಗೆ ನಲವತ್ತೇ ಗ್ರಾಂ. ಎರಡು ಮೋಲಿಗೆ ಎಂಬತ್ತು ಸಾಕಿತ್ತು. ಎಣ್ಣೆಯೆಲ್ಲ ಮುಗಿದ ಮೇಲೂ ಮೂವತ್ತೆರಡು ಗ್ರಾಂ ಸೋಡಾ ಸಾಬೂನಿನೊಳಗೆ ಹಾಗೇ ಕೂತಿದೆ, ಚರ್ಮ ಸಿಕ್ಕರೆ ಸುಡಲು. ಇವತ್ತು ಹನ್ನೊಂದಕ್ಕೆ ಅಕ್ಕನ ಮೂರು ತಿಂಗಳ ಮೊಮ್ಮಗಳಿಗೆ ಅದೇ ಸಾಬೂನಿನಲ್ಲಿ ಸ್ನಾನ ಎಂದು ಅಕ್ಕ ನಿನ್ನೆಯಷ್ಟೇ ಹೇಳಿದ್ದಳು. ಗೋಡೆಯ ಗಡಿಯಾರ ಹತ್ತೂವರೆ ದಾಟಿತ್ತು.

ಅಕ್ಕನ ಫೋನ್ ಹೊಡೆದುಕೊಂಡೇ ಇತ್ತು, ಯಾರೂ ಎತ್ತಲಿಲ್ಲ. ಸ್ಕೂಟರ್ ಹತ್ತಿದರು. ಸಿಗ್ನಲ್ಲಿನ ಕೆಂಪು ದೀಪಕ್ಕೂ ಶಾಪ ಹಾಕಿದರು. ಮುಳುಗುವವನಿಗೆ ಹುಲ್ಲುಕಡ್ಡಿಯಂತೆ ಒಂದೇ ಆಸರೆ ಉಳಿದಿತ್ತು: ಅಕ್ಕ ಹೊಸ ಸಾಬೂನನ್ನು ನಾಲಿಗೆಯ ತುದಿಗೆ ಮುಟ್ಟಿಸಿ ನೋಡದೆ ಯಾರಿಗೂ ಕೊಟ್ಟವಳಲ್ಲ. ಚುರ್ ಎಂದರೆ ಇಡೀ ಪಾತ್ರೆಯೇ ಕಸಕ್ಕೆ. ಇವತ್ತೂ ನೋಡಿರುತ್ತಾಳೆ, ನೋಡಿಯೇ ಇರುತ್ತಾಳೆ ಎಂದು ದಾರಿಯುದ್ದಕ್ಕೂ ಗೊಣಗಿಕೊಂಡರು.

ಬಾಗಿಲು ತೆರೆದೇ ಇತ್ತು. ಬಚ್ಚಲಲ್ಲಿ ನೀರು ಸುರಿಯುವ ಸದ್ದು. ಮಗು ಟವೆಲಿನ ಮೇಲೆ ಕಾಲು ಬಡಿಯುತ್ತ ಮಲಗಿತ್ತು, ಮೈ ಒಣಗಿಯೇ ಇತ್ತು. ಟೀಚರಿಗೆ ಹೋದ ಜೀವ ಬಂದಂತಾಯಿತು.

ಅಕ್ಕ ಎರಡೂ ಕೈ ನಲ್ಲಿಯ ಕೆಳಗೆ ಹಿಡಿದು ನಿಂತಿದ್ದಳು. ಅಂಗೈಗಳು ಕೆಂಪಗೆ ಬೆಂದಿದ್ದವು, ಬೆರಳ ಸಂದಿಯಲ್ಲಿ ಚರ್ಮ ಎದ್ದಿತ್ತು.

“ಮಗು ಎತ್ಕೊಳೋ ಮುಂಚೆ ಕೈ ತೊಳ್ಕೊಂಡೆ ಕಣೇ. ಜಾಸ್ತಿ ನೊರೆ ಬರ್ಲಿ ಅಂತ ಚೆನ್ನಾಗಿ ಉಜ್ಜಿದೆ. ಉರಿ ಹತ್ಕೊಂಡ್ಬಿಡ್ತು.”

“ನಾಲಿಗೆಗೆ ಮುಟ್ಟಿಸಿ ನೋಡ್ಲಿಲ್ವಾ ಅಕ್ಕಾ? ಯಾವಾಗ್ಲೂ ನೋಡ್ತೀಯಲ್ಲ!”

ಅಕ್ಕ ನೋವಿನಲ್ಲೂ ತಂಗಿಯನ್ನು ಸಮಾಧಾನ ಮಾಡುವವಳಂತೆ ನಕ್ಕಳು.

“ಈ ಸಲ ಯಾಕೆ ನೋಡ್ಬೇಕು ಅಂದ್ಕೊಂಡೆ. ಲೆಕ್ಕ ನಿಂದಲ್ವಾ.”