ಅಡ್ಡಹೆಸರಿಲ್ಲದ ಚಂದಮ್ಮ

ಫ್ಯಾನಿನ ಗಾಳಿಗೆ ಪುಸ್ತಕದ ಮೊದಲ ಹಾಳೆ ಮತ್ತೆ ಮಗುಚಿತು, ಮಗುಚಲಿ, ಅದರಲ್ಲಿರುವುದು ಅವಳಿಗೆ ಬಾಯಿಪಾಠ — ಕಮಲಾಪುರದ ಕೆಂಪು ಬಾಳೆ, ಬರೆದವರು ಮಾಣಿಕಪ್ಪ ಮಾಸ್ತರ — ಬರೆದವರು ಹೌದು, ಹೇಳಿದವರು ಯಾರು? ಮುನ್ನುಡಿಯಲ್ಲಿ ಮಾಸ್ತರರೇ ಒಪ್ಪಿಕೊಂಡಿದ್ದಾರೆ, ಚಂದಮ್ಮ ಹೇಳಿದಳು, ನಾನು ಬರೆದುಕೊಂಡೆ, ಪಾಪ, ಅವರದೇನೂ ತಪ್ಪಿಲ್ಲ, ತಪ್ಪೆಲ್ಲ ಈ ದೇವೀಂದ್ರಪ್ಪ ಸಾಹೇಬರದು, ಗ್ರಂಥಾಲಯಕ್ಕೆ ದೊಡ್ಡವರು, ಮೊದಲ ಹಾಳೆ ದಾಟಿ ಓದುವವರಲ್ಲ. ಶಿವಕಾಂತಮ್ಮನ ಮುಂದೆ ಕಂಪ್ಯೂಟರ್ ಗುಂಯ್‌ಗುಡುತ್ತಿದೆ, ಬೇರೆ ಪುಸ್ತಕಗಳಿಗಾದರೆ ಯಾರೋ ಮಾಡಿಟ್ಟ ಕ್ಯಾಟಲಾಗ್ ದಾಖಲೆ ಸಿಗುತ್ತದೆ, ಇಳಿಸಿಕೊಂಡರಾಯಿತು, ಇದಕ್ಕೆ ಎಲ್ಲೂ ಇಲ್ಲ, ಮೊದಲನೆಯದನ್ನು ಅವಳೇ ಮಾಡಬೇಕು, ನಾಳೆ ಉಳಿದ ಗ್ರಂಥಾಲಯಗಳೆಲ್ಲ ಕಣ್ಣುಮುಚ್ಚಿ ಇದನ್ನೇ ನಕಲು ಹೊಡೆಯುತ್ತವೆ, ಇಲ್ಲಿ ಚಂದಮ್ಮ ಬಿಟ್ಟುಹೋದರೆ ಎಲ್ಲ ಕಡೆಯೂ ಬಿಟ್ಟುಹೋದಂತೆ. ನಿಯಮ ಸ್ಪಷ್ಟವಾಗಿದೆ, ವಿಷಯ ಯಾರದೋ ಅವರೇ ಕರ್ತೃ, ಅಕ್ಷರ ಯಾರದೆಂದು ಅದು ಕೇಳುವುದಿಲ್ಲ — ಕಮಲಾಪುರದಲ್ಲಿ ಅವಳ ತವರು, ಪಕ್ಕದ ತೋಟ, ಆಗ ಕಂಡದ್ದು ಇನ್ನೂ ಕಣ್ಣ ಮುಂದಿದೆ, ಮಾಸ್ತರರು ಧೋತರ ಎತ್ತಿಕಟ್ಟಿ ಕೆಸರಿನಲ್ಲಿ ಓಡಾಡುತ್ತಾರೆ, ಚಂದಮ್ಮ ಗುದ್ದಲಿ ನಿಲ್ಲಿಸುವುದೇ ಇಲ್ಲ, ನಾ ಕೆಲಸ ಬಿಡಂಗಿಲ್ಲ ಮಾಸ್ತರ, ನೀನೇ ಬೆನ್ನ ಹತ್ತಿ ಬರಕೋ, ಬಾಳಿ ಕಂದು ನೆಡೂ ಮುಂದ ಬೇರು ನೋಡು, ಎಲಿ ನೋಡಬ್ಯಾಡ.

ಜರ್ದಾ ವಾಸನೆ, ಸಾಹೇಬರು ಬೆನ್ನ ಹಿಂದೆ ಬಂದು ನಿಂತಿದ್ದಾರೆ, ಮಾಸ್ತರ ಹೆಸರು ಹಾಕ್ರೀ, ಆ ಹೆಣ್ಮಗಳಿಗಿ ಅಡ್ಡಹೆಸರರೆ ಎಲ್ಲದ, ಹಾಕೂದೇ ಇದ್ರ ಗಂಡನ ಹೆಸರು ಹಚ್ರಿ. ಗಂಡನ ಹೆಸರಂತೆ — ಮದುವೆಯ ದಿನ ಖೂಬಾ ಪ್ಲಾಟಿನ ಗಂಡನ ಮನೆಯಲ್ಲಿ ತಾಟಿನ ಅಕ್ಕಿಯ ಮೇಲೆ ಬೆರಳಲ್ಲಿ ಹೊಸ ಹೆಸರು ಬರೆದು ಕಸ್ತೂರಿಬಾಯಿಯಾಗಿದ್ದ ಅವಳನ್ನು ಶಿವಕಾಂತಮ್ಮ ಮಾಡಿದರು, ಒಂದು ಮಾತು ಕೇಳಲಿಲ್ಲ, ಅವಳೂ ತಲೆ ಬಗ್ಗಿಸಿ ಕೂತಿದ್ದಳು, ನೆನೆದರೆ ಈಗಲೂ ಮೈ ಉರಿಯುತ್ತದೆ. ಕರ್ತೃವಿನ ಹೆಸರಿಗೆ ಮೊದಲು ಯಂತ್ರ ಒಂದು ಅಂಕಿಗಾಗಿ ಕಾಯುತ್ತಿದೆ, ಮನೆತನದ ಅಡ್ಡಹೆಸರಿದ್ದವರಿಗೆ ಒಂದು, ಬರೀ ಹೆಸರಿನವರಿಗೆ ಸೊನ್ನೆ, ಅವಳು ಸೊನ್ನೆ ಒತ್ತಿ ಚಂದಮ್ಮ ಎಂದು ಬರೆದಳು, ಸಾಹೇಬರು ನಕ್ಕರು, ಆಕೀಗಿ ಸೊನ್ನೀನೇ ಸರಿ ಬಿಡ್ರಿ, ಈಗ ಅದನ್ನ ತೆಗೀರಿ, ಇಲ್ಲಾಂದ್ರ ನಾಳಿಂದ ಹಳೇ ಪೇಪರ್ ಹೊಲಿಯೂ ಕೋಣ್ಯಾಗ ಕೂಡ್ರಿ. ಕೂಡ್ತೀನ್ರಿ ಸರ್, ಇದನ್ನ ಮಾತ್ರ ತೆಗಿಯಂಗಿಲ್ಲ — ಯಾರ ದನಿ ಇದು, ತನ್ನದೇ, ಓದುವವರೆಲ್ಲ ತಲೆ ಎತ್ತಿದ್ದಾರೆ, ಎತ್ತಲಿ, ಧೂಳು ಕುಡಿಯುವುದಾದರೆ ಕುಡಿದರಾಯಿತು, ಬೆರಳು ಆಗಲೇ ಕೆಲಸ ಮುಗಿಸಿಬಿಟ್ಟಿದೆ, ದಾಖಲೆ ಉಳಿಯಿತು, ಎಲ್ಲ ಗ್ರಂಥಾಲಯಗಳಿಗೂ ಹೋಯಿತು, ಇನ್ನು ಯಾರೂ ಹಿಂದಕ್ಕೆ ಎಳೆಯಲಾರರು, ಪರದೆ ಒಮ್ಮೆ ಕಪ್ಪಾಗಿ ಬೆಳಗಿತು, ಹಿಂದೆ ಅಪ್ಪನಿಲ್ಲ, ಮುಂದೆ ಗಂಡನಿಲ್ಲ, ಸೊನ್ನೆ, ಚಂದಮ್ಮ — ಸೊನ್ನೆ, ಚಂದಮ್ಮ — ಆ ದುಂಡನೆಯ ಸೊನ್ನೆ, ಚಂದಮ್ಮ