ಭೋಂಗಾದಲ್ಲಿ ಕೂಗಿದ ಆಯೇರಿ

ಹನ್ನೊಂದು ದಿನಗಳಿಂದ ನಾನು ಒದರುತ್ತಲೇ ಇದ್ದೆ. ಭೂತನಾಳದಲ್ಲಿ ಒದರಿದೆ, ಬಿಜ್ಜರಗಿಯಲ್ಲಿ ಒದರಿದೆ, ಬಬಲೇಶ್ವರದಲ್ಲಿ ಬೆಳಗಿನಿಂದ ಹೊತ್ತು ಮುಳುಗುವ ತನಕ ಒದರಿದೆ. ಹನ್ನೆರಡನೆಯ ದಿನ ತಿಕೋಟಾದ ಸಂತೆಯಲ್ಲಿ ಚಕ್ಕಡಿ ನಿಲ್ಲಿಸಿ ಎತ್ತು ಬಿಚ್ಚುವಾಗ, ಇನ್ನೊಂದು ಮಾತಾಡಿದರೆ ಗಂಟಲಿನಿಂದ ರಕ್ತವೇ ಬರುತ್ತದೆ ಅನ್ನಿಸಿತು.

ಅದು ನಲವತ್ತಾರನೇ ಇಸವಿಯ ಡಿಸೆಂಬರ್. ಲಡಾಯಿ ಮುಗಿದು ವರ್ಷ ದಾಟಿದ್ದರೂ ಅರಿವೆಗೆ ಇನ್ನೂ ಕೂಪನ್ನು ಬೇಕಿತ್ತು. ವಿಜಾಪುರದ ಮಿಶನ್ನಿನ ಪಾದ್ರಿ ಸಾಹೇಬರು ಹಿಂದಿನ ವರ್ಷ ಮಿಲಿಟರಿ ಸಾಮಾನಿನ ಲಿಲಾವಿನಲ್ಲಿ ಒಂದು ಬ್ಯಾಟರಿ ರೇಡಿಯೊ, ಒಂದು ಮೈಕು, ತುತ್ತೂರಿಯ ಬಾಯಿಯಂಥ ಒಂದು ದೊಡ್ಡ ಭೋಂಗಾ ಹಿಡಿದು ತಂದಿದ್ದರು. ಚಕ್ಕಡಿಗೆ ಗಳ ನಿಲ್ಲಿಸಿ ಅದರ ತುದಿಗೆ ಭೋಂಗಾ ಬಿಗಿದು, ಕ್ರಿಸ್ಮಸ್ ಹಬ್ಬದ ತಿಂಗಳು ಊರೂರು ತಿರುಗಿಸುತ್ತಿದ್ದರು. ಮೊದಲು ರೇಡಿಯೊದ ಸುದ್ದಿ, ಆಮೇಲೆ ಗ್ರಾಮಫೋನಿನ ತಟ್ಟೆ ಹಚ್ಚಿ ಒಂದು ಭಜನೆ, ಆಮೇಲೆ ನಾನು. ಮಿಶನ್ನಿನ ಕಂಪೌಂಡಿನಲ್ಲಿ ಮಕ್ಕಳ ನಾಟಕ ಯಾವತ್ತು, ಹುಗ್ಗಿಯ ಊಟ ಯಾವತ್ತು, ಯಾವ ಊರಲ್ಲಿ ಯಾವತ್ತು ರಗ್ಗು ಹಂಚುತ್ತಾರೆ, ಹಳೆಯ ಅರಿವೆ ಕೊಡುವವರು ಎಲ್ಲಿ ತಂದು ಕೊಡಬೇಕು, ಎಲ್ಲ ನಾನೇ ಹೇಳಬೇಕು. ಮಂದಿ ಅದಕ್ಕೆ ಪಾದ್ರ್ಯಾರ ರೇಡಿಯೊ ಅನ್ನುತ್ತಿದ್ದರು. ನನಗೆ ಪಾದ್ರ್ಯಾರ ಬಾಯಿ ಅನ್ನುತ್ತಿದ್ದರು.

ನಾನೇನು ಕ್ರಿಸ್ತಿಯನ್ ಅಲ್ಲ. ಐದನೇ ಇಯತ್ತೆಯಲ್ಲಿ ಮಾಸ್ತರನ ಕೈಯ ಬೆತ್ತ ಕಸಿದು ಮುರಿದು ಶಾಲೆ ಬಿಟ್ಟವನು. ದನಿ ಮಾತ್ರ ಇತ್ತು. ಮೀಸೆ ಮೂಡುವ ಮೊದಲೇ ಮದುವೆಗಳಲ್ಲಿ ಆಯೇರಿ ಕೂಗುತ್ತಿದ್ದೆ. ಬೀಗರು ನೆಂಟರು ತಂದ ಖಣ, ಪಟಗಾ, ಪಾತ್ರೆ ಏನೇ ಇರಲಿ, ಎತ್ತಿ ಹಿಡಿದು, ತಂದವರ ಊರು ಹೆಸರು ಎಳೆದು ಎಳೆದು ಹಂದರದ ತುದಿಗೆ ಮುಟ್ಟುವಂತೆ ಕೂಗಬೇಕು. ಕೂಗಿದ ಮೇಲೆ ಅದು ಮುಯ್ಯಿ; ಪಡೆದವರು ಅವರ ಮನೆಯ ಮದುವೆಗೆ ತಿರುಗಿ ಒಯ್ಯಲೇಬೇಕು. ಅಂಥ ಒಂದು ಹಂದರದ ಹೊರಗೆ ನನ್ನ ದನಿ ಕೇಳಿ ಪಾದ್ರಿ ಸಾಹೇಬರು ಕೆಲಸಕ್ಕೆ ಕರೆದಿದ್ದರು. ಅವರು ಮಂಗಳೂರ ಕಡೆಯವರು. ನಾನು ಏನು ಕೂಗುತ್ತಿದ್ದೆ ಅನ್ನುವುದು ಅವರಿಗೆ ತಿಳಿದಿರಲಿಲ್ಲ. ಎಷ್ಟು ದೂರ ಕೇಳುತ್ತದೆ ಅನ್ನುವುದಷ್ಟೇ ತಿಳಿದಿತ್ತು.

ಸಂತೆಯಲ್ಲಿ ತಟ್ಟೆ ತಿರುಗುತ್ತಿದ್ದಾಗ ಒಬ್ಬ ಮುದುಕಿ ಗಾಲಿಯ ಹತ್ತಿರ ಬಂದು ನಿಂತಳು. ಕಂಕುಳಲ್ಲಿ ಗಂಟು.

"ಗುರಣ್ಣ ಅಂದ್ರ ನೀನ ಏನೋ?"

"ಹೌದಬೇ. ರಗ್ಗ ಹಂಚೂದು ಇಪ್ಪತ್ನಾಕಕ್ಕ. ಇವತ್ತ ಬರೇ ಹೇಳೂದು."

"ತಗೊಳ್ಳಾಕ ಬಂದಿಲ್ಲ. ಕೊಡಾಕ ಬಂದೇನಿ."

ಗಂಟು ಬಿಚ್ಚಿದಳು. ಒಂದು ಕೌದಿ. ಕೂಪನ್ನಿನ ಕಾಲದಲ್ಲಿ ಅಷ್ಟು ಚಿಂದಿ ಎಲ್ಲಿ ಕೂಡಿಸಿದಳೋ. ಹೊಲಿಗೆ ಜೋಳದ ಕಾಳಿನಷ್ಟು ಸಣ್ಣ, ಸಾಲು ಎಲ್ಲಿಯೂ ಸೊಟ್ಟಾಗಿರಲಿಲ್ಲ.

"ಹ್ವಾದ ವರ್ಷ ಇದ ಜಾಗಾದಾಗ ನಿಂತ ಕೂಗಿದೆಲ್ಲ, ವಿಜಾಪುರದ ಶಿವಯೋಗೆಪ್ಪನವರಿಂದ ತಿಕೋಟಾದ ರಾಚವ್ವಗ ಒಂದ ರಗ್ಗು ಅಂತ? ನಾನ ಆ ರಾಚವ್ವ. ಇದು ಅದರ ಮುಯ್ಯಿ. ಕೂಗು."

ನನಗೆ ನಗು ಬಂತು. "ಯವ್ವಾ, ಅದು ಆಯೇರಿ ಅಲ್ಲಬೇ. ಧರ್ಮಕ್ಕ ಕೊಟ್ಟದ್ದು."

"ಧರ್ಮದ್ದಾದ್ರ ಹೆಸರ ಯಾಕ ಕೂಗಿದಿ? ಧರ್ಮಾ ಮಾಡಾವ್ರು ಕೈಯಾಗ ಇಟ್ಟ ಹೋಗ್ತಾರ. ನೀ ಆಯೇರಿ ದನಿಯಾಗ ಕೂಗಿದಿ. ಊರೆಲ್ಲಾ ಕೇಳೇತಿ."

ನನ್ನ ನಗು ನಿಂತಿತು. ಅವಳು ಹೇಳಿದ್ದು ಖರೆ. ನನಗೆ ಬರುವುದು ಅದೊಂದೇ ದನಿ.

ಪಕ್ಕದಲ್ಲಿ ಬಳ್ಳೊಳ್ಳಿ ಹರವಿಕೊಂಡು ಕೂತಿದ್ದ ಹುಸೇನಬಿ ಬಾಯಿ ಹಾಕಿದಳು. ಇಬ್ಬರೂ ಒಂದೇ ಓಣಿಯವರು. "ಆಕಿ ಹಟಾ ಬಿಡಾಕಿ ಅಲ್ಲೋ ಯಪ್ಪಾ. ವೈಶಾಖದಾಗ ಆ ಶಿವಯೋಗೆಪ್ಪ ಸಾವಕಾರ್ನ ಮಗಳ ಮದವಿ ಐತಂತ ಕೇಳಿ ಇದನ್ನ ಹೊತಗೊಂಡ ವಿಜಾಪುರಕ್ಕ ಹೋಗಿದ್ಲು. ಬೇಡಾಕ ಬಂದಾಳಂತ ತಿಳದು ಹಿತ್ತಲ ಬಾಗಲದಾಗ ಕುಂಡರ್ಸಿ ಎರಡ ಬುಂದೆ ಉಂಡಿ ಕೊಟ್ಟ ಕಳಿಸಿದ್ರು. ಅವನ್ನ ದಾರ್ಯಾಗ ನಾಯಿಗೆ ಹಾಕಿ ಬಂದ್ಲು. ನನಗರ ತಂದಿದ್ರ ತಿಂತಿದ್ದೆ!"

ರಾಚವ್ವ ನಗಲಿಲ್ಲ. ನಡೆದದ್ದನ್ನೆಲ್ಲ ಅವಳೇ ಹೇಳಿದಳು. ಹೋದ ವರ್ಷ ಜ್ವರದಲ್ಲಿ ಬಿದ್ದಿದ್ದಳು, ಊರ ಗೌಡ ಯಾದಿಯಲ್ಲಿ ಹೆಸರು ಬರೆಸಿದ, ರಗ್ಗು ತಗೊಂಡಳು. ಆಮೇಲೆ ಓಣಿಯಲ್ಲಿ ಒಂದು ಮದುವೆಯಾಯಿತು. ಯಾವತ್ತಿನಂತೆ ಒಂದು ತೆಂಗು, ಒಂದು ಖಣ ಒಯ್ದಳು. ಮದುವೆಯ ಮನೆಯವರು ಅವನ್ನು ಅವಳ ಉಡಿಯಲ್ಲೇ ತಿರುಗಿ ಹಾಕಿ, "ನೀನ ಇಟಗೋ ಯವ್ವಾ, ನಿನಗ ಬೇಕಾಗ್ತೈತಿ" ಅಂದರು. ಹೆಸರು ಕೂಗಲಿಲ್ಲ. ಹುಡುಗರು ರಗ್ಗವ್ವ ಎಂದು ಕರೆಯತೊಡಗಿದರು.

"ಗಂಡ ಸತ್ತು ಇಪ್ಪತ್ತ ವರ್ಷಾತು. ಕೂಲಿ ಮಾಡೇನಿ, ಉಪಾಸ ಬಿದ್ದೇನಿ, ಆದ್ರ ಈ ಊರಾಗ ನಾ ಆಯೇರಿ ಒಯ್ಯಲಾರದ ಮದವಿ ಇಲ್ಲ. ಈಗ ನನ್ನ ಕೈಯಾಗಿಂದು ಒಂದ ತೆಂಗ ಯಾರೂ ತಗೊಳ್ಳವಲ್ರು. ಕೊಡಾಕಿ ಇದ್ದೆ, ಬೇಡಾಕಿ ಮಾಡಿದಿ. ಮಾಡಿದಾವ ನೀನ. ನೀನ ತಿರುಗ್ಸು."

ಕೌದಿಯನ್ನು ಚಕ್ಕಡಿಯಲ್ಲಿಟ್ಟು ಹೋಗಿಬಿಟ್ಟಳು.

ವಿಜಾಪುರಕ್ಕೆ ಬಂದು ಪಾದ್ರಿ ಸಾಹೇಬರ ಮೇಜಿನ ಮೇಲೆ ಕೌದಿ ಇಟ್ಟು ಎಲ್ಲ ಹೇಳಿದೆ. ಅವರು ಅಂದು ನೂರೆಂಟು ಕೆಲಸದಲ್ಲಿದ್ದರು. ನಾಟಕದ ದೇವದೂತನಿಗೆ ಮಂಗನಬಾವು ಬಂದಿತ್ತು, ಹುಗ್ಗಿಗೆ ಬೆಲ್ಲ ಸಿಕ್ಕಿರಲಿಲ್ಲ.

"ಗುರಣ್ಣ, ಕೊಟ್ಟದ್ದಕ್ಕೆ ಮರಳಿ ತೆಗೆದುಕೊಂಡರೆ ಅದು ದಾನ ಹೇಗಾಗುತ್ತದೆ? ಆ ಅಜ್ಜಿಗೆ ಸಮಾಧಾನ ಹೇಳು."

"ಹಂಗಾದ್ರ ಹೆಸರ ಕೂಗೂದ ಬಿಡೂನ್ರಿ."

ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ಬಿಟ್ಟರೆ ಶಿವಯೋಗೆಪ್ಪನವರು ಕೊಡುವುದಿಲ್ಲ. ಕೊಟ್ಟವರ ಹೆಸರೂ ಬೇಕಂತೆ, ಪಡೆದವರ ಹೆಸರೂ ಬೇಕಂತೆ, ಅದೂ ಪಡೆದವರ ಊರಿನಲ್ಲೇ. ನನಗೆ ಇದು ಇಷ್ಟವೆಂದು ತಿಳಿದಿದ್ದೀಯಾ? ನಲವತ್ತು ರಗ್ಗು, ಗುರಣ್ಣ. ಬಬಲೇಶ್ವರಕ್ಕೆ ಇಪ್ಪತ್ತು, ತಿಕೋಟಾಕ್ಕೆ ಇಪ್ಪತ್ತು. ಈ ಚಳಿಯಲ್ಲಿ ಬೇರೆ ಎಲ್ಲಿಂದ ತರಲಿ?"

ಅಷ್ಟರಲ್ಲಿ ಶಿವಯೋಗೆಪ್ಪನೇ ಟಾಂಗಾದಲ್ಲಿ ಬಂದ. ಊರಿನಲ್ಲಿ ದೊಡ್ಡ ಅರಿವೆ ಅಂಗಡಿ ಅವನದು. ಮೇಜಿನ ಮೇಲಿನದನ್ನು ನೋಡಿ, "ಇದೇನೋ?" ಅಂದ.

"ತಿಕೋಟಾದ ರಾಚವ್ವಂದ್ರಿ. ನಿಮ್ಮ ರಗ್ಗಿಗೆ ಮುಯ್ಯಿ."

ಎರಡು ಬೆರಳಿನಲ್ಲಿ ಕೌದಿಯ ಮೂಲೆ ಎತ್ತಿ ನೋಡಿದ. "ನನಗ ಮುಯ್ಯಿ? ಭಾರಿ ಆತಲ್ಲೋ! ಹೊರಗ ನಮ್ಮ ಕುದರಿ ನಿಂತೈತಿ ನೋಡು, ಅದಕ್ಕ ಹೊಚ್ಚು. ಪಾಪ, ಅದಕ್ಕೂ ಥಂಡಿ."

"ಕುದರಿ ಹೆಸರೇನ್ರಿ ಸಾವಕಾರ್ರ? ಭೋಂಗಾದಾಗ ಅದನ್ನೂ ಕೂಗತೀನಿ."

"ಗುರಣ್ಣ!" ಅಂದರು ಪಾದ್ರಿ ಸಾಹೇಬರು. ಆಮೇಲೆ ಶಿವಯೋಗೆಪ್ಪನ ಕಡೆ ತಿರುಗಿ ಅರ್ಧ ನಕ್ಕರು. ಆ ಅರ್ಧ ನಗು ನೋಡಿ ನನಗೆ ಸಾವಕಾರನಿಗಿಂತ ಅವರ ಮೇಲೆಯೇ ಹೆಚ್ಚು ಸಿಟ್ಟು ಬಂತು. ಕೌದಿ ಎತ್ತಿಕೊಂಡು ಹೊರಗೆ ಬಂದೆ.

ಇಪ್ಪತ್ಮೂರಕ್ಕೆ ಬಬಲೇಶ್ವರ. ಇಪ್ಪತ್ತು ಹೆಸರು. ಈ ಸಲ ಆಯೇರಿಯ ದನಿ ಬಿಟ್ಟು, ಶಾಲೆಯ ಹುಡುಗ ಪಾಠ ಓದಿದಂತೆ ಓದಬೇಕೆಂದು ಹೊರಟೆ. ಮೂರನೆಯ ಹೆಸರಿಗೇ ದನಿ ತನ್ನ ಹಾದಿ ಹಿಡಿಯಿತು.

"ವಿಜಾಪುರದ ಶಿವಯೋಗೆಪ್ಪನವರಿಂದ, ಬಬಲೇಶ್ವರದ ಮಲಕವ್ವಗ, ಒಂದು ರಗ್ಗು!"

ಯಾರೂ ಬರಲಿಲ್ಲ. ಮತ್ತೆ ಕೂಗಿದೆ. ಮೂರನೆಯ ಸಲ ಕೂಗಿದಾಗ ಯಾರೋ ಒಬ್ಬಳು ಮುಂದೆ ಬಂದು, "ಆಕಿಗಿ ಆರಾಮಿಲ್ರಿ, ನಾ ಒಯ್ತೇನಿ" ಅಂದಳು. ಅವಳು ರಗ್ಗು ಹಿಡಿದು ನಡೆದ ಕಡೆ ನೋಡಿದೆ. ಗೋಡೆಯ ಮರೆಯಲ್ಲಿ ಮಲಕವ್ವ ನಿಂತಿದ್ದಳು. ಮೈಗೆ ಏನೂ ಆಗಿರಲಿಲ್ಲ. ಸೆರಗನ್ನು ಗದ್ದದ ತನಕ ಇಳಿಸಿಕೊಂಡಿದ್ದಳು. ಹೋದ ವರ್ಷವೂ ಎಷ್ಟು ಮಂದಿ ಹೀಗೆ ನಿಂತಿದ್ದರೋ. ನಾನು ಯಾದಿ ಬಿಟ್ಟು ತಲೆ ಎತ್ತಿರಲಿಲ್ಲ. ಇನ್ನೂ ಹದಿನೇಳು ಹೆಸರಿದ್ದವು. ಓದಿದೆ. ಓದುವುದಕ್ಕೇ ನನ್ನನ್ನು ಇಟ್ಟುಕೊಂಡಿದ್ದರಲ್ಲ.

ಮರುದಿನ ತಿಕೋಟಾ. ಶಿವಯೋಗೆಪ್ಪ ತಾನೇ ಬಂದಿದ್ದ, ತನ್ನ ಹೆಸರು ಎಷ್ಟು ದೂರ ಹೋಗುತ್ತದೆಂದು ಕೇಳಲಿಕ್ಕೆ. ಗೌಡರು ಅವನಿಗೂ ಪಾದ್ರಿ ಸಾಹೇಬರಿಗೂ ಕುರ್ಚಿ ಹಾಕಿಸಿದ್ದರು. ಟಾಂಗಾದಿಂದ ರಗ್ಗಿನ ಗಂಟುಗಳನ್ನು ಇನ್ನೂ ಇಳಿಸಿರಲಿಲ್ಲ. ಯಾದಿಯಲ್ಲಿ ಮೊದಲನೆಯ ಹೆಸರು ಹುಸೇನಬಿಯದು. ಅವಳು ಮುಂದಿನ ಸಾಲಿನಲ್ಲೇ ಕೂತಿದ್ದಳು. ರಾಚವ್ವ ದೂರ ಬೇವಿನ ಗಿಡದ ಕೆಳಗೆ ನಿಂತು ನನ್ನನ್ನೇ ನೋಡುತ್ತಿದ್ದಳು. ಕರೆಯಲಿಲ್ಲ, ಕೈಮಾಡಲಿಲ್ಲ.

ನಾನು ಯಾದಿಯನ್ನು ಕಿಸೆಗೆ ಹಾಕಿದೆ. ಮೈಕು ಹಿಡಿದೆ. ಎಷ್ಟೋ ದಿನಗಳ ನಂತರ ಗಂಟಲು ಸ್ವಚ್ಛ ಬಿಟ್ಟಿತು.

"ಕೇಳ್ರಪೋ ಕೇಳ್ರಿ! ತಿಕೋಟಾದ ರಾಚವ್ವನವರಿಂದ, ವಿಜಾಪುರದ ಶಿವಯೋಗೆಪ್ಪನವರಿಗೆ, ಒಂದು ಕೌದಿ! ಹ್ವಾದ ವರ್ಷದ ರಗ್ಗಿನ ಮುಯ್ಯಿ!"

ಚಕ್ಕಡಿಯಿಂದ ಹಾರಿ ಕೌದಿಯನ್ನು ಅವನ ಮುಂದೆ ಹಿಡಿದೆ. ಶಿವಯೋಗೆಪ್ಪ ಎಷ್ಟು ಹಂದರಗಳಲ್ಲಿ ಕೂತವನೋ, ಎಷ್ಟು ಆಯೇರಿ ಹಿಡಿದವನೋ. ಕೂಗು ಮುಗಿಯುವ ಹೊತ್ತಿಗೆ ಅವನ ಎರಡೂ ಕೈ ತಾವಾಗಿಯೇ ಮುಂದೆ ಬಂದವು. ತಗೊಂಡ. ಕಣ್ಣಿಗೆ ಒತ್ತಿಕೊಂಡ. ಒತ್ತಿಕೊಂಡ ಮೇಲೆ ತಿಳಿಯಿತು ಅವನಿಗೆ.

"ಮುಟ್ಟಿತು!" ಅಂದರು ಹಿಂದೆ ಯಾರೋ, ಮದುವೆಯಲ್ಲಿ ಅನ್ನುವಂತೆ. ಸಂತೆ ಬಯಲೆಲ್ಲ ನಕ್ಕಿತು.

ಶಿವಯೋಗೆಪ್ಪ ಎದ್ದ. ಕೌದಿಯನ್ನು ಬಿಸಾಡುವ ಹಾಗಿಲ್ಲ, ಹಿಡಿದುಕೊಳ್ಳುವ ಹಾಗೂ ಇಲ್ಲ. "ಗಂಟ ಇಳಸಬ್ಯಾಡ್ರಿ" ಅಂದ. "ಪಾದ್ರಿ ಸಾಹೇಬ್ರ, ಈ ಊರವ್ರು ನಮಗ ಕೊಡೂವಷ್ಟ ಸಾವಕಾರ್ರ ಆಗ್ಯಾರ. ಇವ್ರಿಗೆ ನಮ್ಮ ರಗ್ಗ ಯಾಕ ಬೇಕ್ರಿ?"

ಪಾದ್ರಿ ಸಾಹೇಬರು ಟಾಂಗಾದ ಹಿಂದೆ ಬೇವಿನ ಗಿಡದ ತನಕ ಓಡಿದರು. ಏನೇನು ಬೇಡಿಕೊಂಡರೋ ನನಗೆ ಕೇಳಲಿಲ್ಲ. ಟಾಂಗಾ ನಿಲ್ಲಲಿಲ್ಲ. ಇಪ್ಪತ್ತು ರಗ್ಗು, ಒಂದು ಕೌದಿ, ಎಲ್ಲ ಒಂದೇ ಗಾಡಿಯಲ್ಲಿ ವಿಜಾಪುರದ ಹಾದಿ ಹಿಡಿದವು.

ನಗು ಬೇಗ ಆರಿತು. ಯಾದಿಯಲ್ಲಿದ್ದವರು ಅಲ್ಲೇ ಕೂತಿದ್ದರು, ಇನ್ನೇನೋ ಬರಬಹುದು ಅನ್ನುವಂತೆ. ಹುಸೇನಬಿ ಮೊಣಕಾಲ ಮೇಲೆ ಕೈಯೂರಿ ಎದ್ದು ನನ್ನ ಹತ್ತಿರ ಬಂದಳು.

"ನಿನ್ನ ಸಿಟ್ಟ ಆರ್ತೇನಪಾ?"

ನಾನು ಮೈಕಿನ ವೈರು ಸುತ್ತತೊಡಗಿದೆ.

"ನನ್ನ ಥಂಡಿಗೆ ಏನ ಮಾಡ್ಲಿ? ಹೆಸರ ಕೂಗಿದ್ರ ನನ್ನ ತೊಗಲೇನ ಹರೀತಿತ್ತಾ? ಕೂಗಸ್ಕೊಂಡು, ಹೊಚ್ಕೊಂಡು ಮಲಗ್ತಿದ್ದೆ. ನಿನಗ್ಯಾರ ಕೇಳಿದ್ರೋ ನನ್ನ ಮರ್ವಾದಿ?"

ರಾಚವ್ವ ಬಂದಳು. "ನನ್ನ ರಗ್ಗ ತಂದ ಕೊಡ್ತೇನಿ, ನೀ ಹೊಚ್ಕೋ" ಅಂದಳು.

"ಬ್ಯಾಡವಾ ತಾಯಿ. ಅದರ ಮುಯ್ಯಿ ಯಾರ ತೀರಸ್ಬೇಕು?" ಅಂದು ಹುಸೇನಬಿ ಬಳ್ಳೊಳ್ಳಿಯ ಬುಟ್ಟಿ ತಲೆಯ ಮೇಲಿಟ್ಟುಕೊಂಡು ನಡೆದಳು. ಅವಳ ಹಿಂದೆ ಉಳಿದವರೂ ಎದ್ದರು. ಅವರಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಪಾದ್ರಿ ಸಾಹೇಬರು ನನ್ನ ಜೊತೆ ಚಕ್ಕಡಿಯಲ್ಲೇ ತಿರುಗಿ ಬಂದರು. ಊರು ಹತ್ತಿರ ಬಂದ ಮೇಲೆ, "ನಾಳೆ ಬೆಳಿಗ್ಗೆ ಹುಗ್ಗಿಯ ಊಟದ ಹೊತ್ತು ಹೇಳಬೇಕಲ್ಲ. ನೀನು ಬರುತ್ತೀಯೋ, ನಾನೇ ಹೇಳಲೋ?" ಅಂದರು. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಹೋದೆ, ಹೇಳಿದೆ. ಹಬ್ಬ ಮುಗಿದ ಮರುದಿನ ಅವರು ಭೋಂಗಾ ಇಳಿಸಿ ಒಳಗಿಟ್ಟರು. ನನಗೆ ಇನ್ನು ಬರಬೇಡವೆಂದು ಬಾಯಿ ಬಿಟ್ಟು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮಾಘದಲ್ಲಿ ತಿಕೋಟಾದಿಂದ ಕರೆ ಬಂತು. ರಾಚವ್ವನ ಓಣಿಯಲ್ಲೇ ಮದುವೆ, ಆಯೇರಿ ಕೂಗಲಿಕ್ಕೆ ನಾನೇ ಬೇಕೆಂದಿದ್ದರು. ಹಂದರದಲ್ಲಿ ರಾಚವ್ವ ಸಾಲಿನಲ್ಲಿ ನಿಂತಿದ್ದಳು, ಕೈಯಲ್ಲಿ ಒಂದು ತೆಂಗು, ಒಂದು ಖಣ. ಅವಳ ಪಾಳಿ ಬಂದಾಗ ಮದುಮಗಳ ಅಪ್ಪ ಕೈ ಚಾಚಲು ಹಿಂದುಮುಂದು ನೋಡಿದ. ನಾನು ಕಾಯಲಿಲ್ಲ.

"ತಿಕೋಟಾದ ರಾಚವ್ವನವರದು, ಒಂದು ತೆಂಗು, ಒಂದು ಖಣ!"

ಅವನು ಎರಡೂ ಕೈಯಿಂದ ತಗೊಂಡು ಕಣ್ಣಿಗೆ ಒತ್ತಿಕೊಂಡ. ರಾಚವ್ವ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ನನ್ನ ಕಡೆ ನೋಡದೆ ಹೆಂಗಸರ ನಡುವೆ ಹೋಗಿ ಕೂತಳು. ಯಾರೋ ಸರಿದು ಜಾಗ ಕೊಟ್ಟರು. ಯಾರೋ ಎಲೆ ಅಡಿಕೆಯ ತಾಟು ಅವಳ ಮುಂದೆ ದೂಡಿದರು.

ಹುಸೇನಬಿಯೂ ಬಂದಿದ್ದಳು. ಹಂದರದ ಹೊರಗೆ ಬಿಸಿಲಿಗೆ ಬೆನ್ನು ಕೊಟ್ಟು ಕೂತು, ಸೆರಗಿನಲ್ಲಿ ಬಾಯಿ ಒತ್ತಿ ಕೆಮ್ಮುತ್ತಿದ್ದಳು. ಕೆಮ್ಮು ನಿಲ್ಲಲೆಂದು ಸ್ವಲ್ಪ ಹೊತ್ತು ತಡೆದೆ. ನಿಲ್ಲಲಿಲ್ಲ. ಮುಂದಿನವರು ತಾಮ್ರದ ತಂಬಿಗೆಯೊಂದನ್ನು ನನ್ನ ಕೈಗೆ ಕೊಟ್ಟರು. ಎತ್ತಿ ಹಿಡಿದು ಅವರ ಊರು ಕೇಳಿದೆ.